ಕೂಸಿಗೊಂದು ಕೌದಿ

ಕಳೆದ ಮಾಘಮಾಸದಲ್ಲಿ ನಮ್ಮ ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಳು. ಆಕೆಯ ಪೆಟ್ಟಿಗೆಯಲ್ಲಿ ಅಂಗಡಿಯಿಂದ ಕೊಂಡುತಂದ ಹೊದಿಕೆಗಳೆರಡು ಇದ್ದುವು. ಮುಟ್ಟಿದರೆ ಬೆಕ್ಕಿನ ಮೈಯಂತೆ ನುಣುಪು. ಆದರೆ ಅವುಗಳ ನೂಲು ಹತ್ತಿಯದಲ್ಲವೆಂದು ಅಂಟಿಸಿದ ಚೀಟಿಯೇ ಹೇಳುತ್ತಿದ್ದಿತು. ನಮ್ಮ ಮನೆಯಾಕೆ ಅವನ್ನು ಮಡಿಚಿ ಬದಿಗಿಟ್ಟು, “ಕೂಸಿಗೆ ಕೌದಿಯಾಗಬೇಕು” ಎಂದರು. ನಮ್ಮ ಮಕ್ಕಳೆಲ್ಲರಿಗೂ ಕೌದಿ ಹೊಲಿದ ಕೈ ಅವರದು. ಈಗಲಾದರೋ ಆ ಕೈ ನಡುಗುತ್ತದೆ. ಸೂಜಿಗೆ ದಾರ ಪೋಣಿಸುವುದೇ ಅವರಿಂದಾಗದು. ಮಗಳಿಗೆ ನೆಲದ ಮೇಲೆ ಬಗ್ಗಿ ಕೂಡಲಾಗದು. ಉಳಿದವರು ನಾವೊಬ್ಬರೇ. ಆಯುಷ್ಯವೆಲ್ಲ ಹುಡುಗರ ಕಾಪಿಪುಸ್ತಕಗಳನ್ನು ತಿದ್ದುತ್ತ ಬಂದ ನಾವು ಹೀಗೆ ಅರುವತ್ತನೆಯ ವಯಸ್ಸಿನಲ್ಲಿ ಸೂಜಿಯ ಪಾಠಶಾಲೆಗೆ ಸೇರಿದೆವು. ಅಲ್ಲಿ ಕಲಿತುದನ್ನೂ ಎಡವಿದುದನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಕೌದಿಯೆಂದರೇನೆಂಬುದನ್ನು ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾದುದಿಲ್ಲ. ಉಟ್ಟು ಹಳತಾದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಉದ್ದಕ್ಕೂ ಓಡುಹೊಲಿಗೆ ಹಾಕಿದ ಹೊದಿಕೆಯದು. ಸಂಸ್ಕೃತದಲ್ಲಿ ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆಗೆ ‘ಕಂಥಾ’ ಎಂದು ಹೆಸರು. ಬಂಗಾಳದ ಸ್ತ್ರೀಯರು ಹಳೆಯ ಸೀರೆಗಳಿಂದ ಹೊಲಿಯುವ ಹೊದಿಕೆಯನ್ನು ಇಂದಿಗೂ ‘ಕಾಂಥಾ’ ಎಂದೇ ಕರೆಯುತ್ತಾರೆ. ನಮ್ಮ ಹಳಿಯಾಳ, ಯಲ್ಲಾಪುರಗಳ ಕಡೆ ನೆಲಸಿರುವ, ಆಫ್ರಿಕ ಮೂಲದ ಸಿದ್ದಿ ಜನರ ಹೆಂಗಸರು ತಮ್ಮ ಕವಂದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುಸುತ್ತಾಗಿ ಹೊಲಿಯುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯ ತುಂಡನ್ನು ಮುಕ್ಕೋನೆಯಾಗಿ ಮಡಿಚಿಟ್ಟ ಹೂವುಗಳಿಲ್ಲದಿದ್ದರೆ ಆ ಕವಂದಿ ಬತ್ತಲೆಯೆಂದು ಅವರ ಭಾವನೆ. ಬಡತನವು ಹೊಲಿಸಿದ ವಸ್ತುವಿಗೂ ಅಲಂಕಾರ ಬೇಕೆನ್ನುವ ಈ ಮನಸ್ಸು ನಮಗೆ ಬಹಳ ಹಿಡಿಸಿತು.

ಶಾಸ್ತ್ರದಲ್ಲಿ ಸೂಚೀಕಟಾಹನ್ಯಾಯವೆಂಬುದೊಂದುಂಟು. ಕಮ್ಮಾರನಿಗೆ ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಕೊಡೆಂದರೆ, ಅವನು ಸುಲಭವಾದ ಸೂಜಿಯನ್ನು ಮೊದಲು ಮುಗಿಸುತ್ತಾನೆ. ಹೊಸಬರು ಈ ನ್ಯಾಯವನ್ನು ನೆನೆದು, ಮಂಚದಗಲದ ಕೌದಿಯ ಗೋಜಿಗೆ ಹೋಗದೆ ಕೂಸಿನದರಿಂದಲೇ ಆರಂಭಿಸತಕ್ಕದ್ದು. ಅಗಲ 30 ಅಂಗುಲ, ಉದ್ದ 36 ಅಂಗುಲ, ಪದರ ಮೂರು, ಇಷ್ಟು ಸಾಕು. ದಿನಕ್ಕೊಂದು ತಾಸು ಕುಳಿತರೆ ಕೆಲವು ವಾರಗಳಲ್ಲಿ ಮುಗಿಯುತ್ತದೆ.

ಅರಿವೆಯ ಆಯ್ಕೆಯಲ್ಲಿಯೇ ನಮಗೆ ಮೊದಲ ಪಾಠವಾಯಿತು. ನಮ್ಮ ತಾಯಿಯವರ ಇಳಕಲ್ ಸೀರೆಯೊಂದನ್ನು ಮನೆಯಾಕೆ ಹಲವು ವರ್ಷಗಳಿಂದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. ಹುಟ್ಟುವ ಕೂಸು ಮುತ್ತಜ್ಜಿಯ ಸೀರೆಯ ಮೇಲೆ ಮಲಗಬೇಕೆಂಬುದು ಅವರ ಆಸೆ. ರೇಷ್ಮೆಯ ಸೆರಗನ್ನು ಬಿಟ್ಟು ಹತ್ತಿಯ ಒಡಲನ್ನಷ್ಟೇ ತೆಗೆದುಕೊಳ್ಳುವುದೆಂದು ನಿಶ್ಚಯಿಸಿ ಪೆಟ್ಟಿಗೆ ತೆರೆದೆವು. ಒಡನೆಯೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮರುದಿನ ಮಗಳನ್ನು ತಪಾಸಣೆಗೆ ಕರೆದೊಯ್ದಾಗ, ಅನುಮಾನದಿಂದ ವೈದ್ಯೆಯವರನ್ನು ಕೇಳಿದೆವು. ಅವರು ಸ್ಪಷ್ಟವಾಗಿ ಬೇಡವೆಂದರು. ಆ ಬಿಳಿಯ ಗುಳಿಗೆಗಳು ಬಹುಮಟ್ಟಿಗೆ ನ್ಯಾಫ್ತಲೀನಿನವು. ಕೆಲವು ಮಕ್ಕಳಿಗೆ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಮುಖ ನೋಡಿ ಅದನ್ನು ತಿಳಿಯುವಂತಿಲ್ಲ. ಅಂಥ ಕೂಸಿಗೆ ಈ ಗುಳಿಗೆಯ ಆವಿ ತಗುಲಿದರೆ ರಕ್ತದ ಕೆಂಪುಕಣಗಳು ಒಡೆದು ಕಾಮಾಲೆ ಏರುತ್ತದೆ. ಅದು ವಿಪರೀತವಾದರೆ ಮಿದುಳಿಗೇ ಅಪಾಯ.

ಅಂದು ಸಂಜೆ ಮನೆಯಾಕೆ ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ ತಾವೇ ಎದ್ದು, ಹಿತ್ತಿಲ ಹಗ್ಗದ ಮೇಲೆ ಒಣಗಿದ್ದ ತಮ್ಮ ದಿನನಿತ್ಯದ ನೂಲಿನ ಸೀರೆಯನ್ನು ತಂದು ನಮ್ಮ ಮುಂದಿಟ್ಟರು. ಪೆಟ್ಟಿಗೆಯನ್ನು ಬಾಣಂತಿಯ ಕೋಣೆಯಿಂದ ದೂರಕ್ಕೆ ಸಾಗಿಸಿದೆವು. ಜೋಪಾನ ಮಾಡಿದ ಸೀರೆ ಕೂಸಿಗೆ ಒದಗಲಿಲ್ಲ. ಅಡಿಗೆಮನೆಯಲ್ಲಿ ಉಟ್ಟು, ನೂರಾರು ಸಲ ಒಗೆದು ಮೆತ್ತಗಾದುದು ಒದಗಿತು. ಇಂಥ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ, ಜಾಳಾಗಿರುವ ಕಡೆಗಳನ್ನು ಬಿಟ್ಟು, ಗಟ್ಟಿಯಿರುವಲ್ಲಿ ಕತ್ತರಿಸಬೇಕು. ಜರಿ, ಗುಂಡಿ, ಮಣಿ, ಮಿಂಚುಬಿಲ್ಲೆಗಳು ಒಂದೂ ಇರಬಾರದು. ಕಿತ್ತುಬಂದರೆ ಅವು ಹೋಗುವುದು ಕೂಸಿನ ಬಾಯಿಗೇ.

ಎರಡನೆಯ ಪಾಠಕ್ಕೆ ನಮ್ಮ ಆತುರವೇ ಕಾರಣ. ಹಿಂಬದಿಗೆ ಹಾಕಲು ಕೋರಾ ಬಟ್ಟೆಯನ್ನು ಕೊಂಡುತಂದು, ನೀರು ಕಾಣಿಸದೆಯೇ ಹೊಲಿದುಬಿಟ್ಟೆವು. ಹನ್ನೆರಡು ದಿನಗಳ ಶ್ರಮದ ಫಲವನ್ನು ಹೆಮ್ಮೆಯಿಂದ ಒಗೆಯಲು ಹಾಕಿದೆವು. ಹೊಸ ಬಟ್ಟೆ ಕುಗ್ಗಿತು, ಹಳೆಯ ಸೀರೆ ಕುಗ್ಗಲಿಲ್ಲ. ಒಣಗಿದ ಕೌದಿ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿ ನಿಂತಿತು. ಮಗಳು ನಕ್ಕಳು, ನಮಗೆ ನಗಲಾಗಲಿಲ್ಲ. ಆದುದರಿಂದ ಹೊಸ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಹಿಂಡಿ, ಬಿಸಿಲಿಗೊಣಗಿಸಿ, ಇಸ್ತ್ರಿಯಾದ ಮೇಲೆಯೇ ಅಳತೆ ಮಾಡತಕ್ಕದ್ದು.

ಇನ್ನು ಹೊಲಿಗೆಯ ಕ್ರಮ. ಮೂರು ಪದರಗಳನ್ನೂ ಚಾಪೆಯ ಮೇಲೆ ಸುಕ್ಕಿಲ್ಲದೆ ಹಾಸಬೇಕು. ನಡುವಿನಿಂದ ಅಂಚಿನ ಕಡೆಗೆ ಅಂಗುಲುದ್ದದ ಕಚ್ಚಾ ಟಾಕುಗಳನ್ನು ಹಾಕಿದರೆ ಪದರಗಳು ಜರುಗವು. ಅಂಚನ್ನು ಒಳಮಡಿಸಿ ಸುತ್ತಲೂ ಹೊಲಿದ ಬಳಿಕ, ಒಂದೊಂದು ಬೆರಳಗಲ ಬಿಟ್ಟು ಓಡುಹೊಲಿಗೆಯ ಸಾಲುಗಳನ್ನು ಎಳೆಯುವುದು. ಹತ್ತಿಯ ದಾರ ಒಂದೂವರೆ ಮೊಳಕ್ಕಿಂತ ಉದ್ದವಾದರೆ ತೊಡಕುತ್ತದೆ. ಹೊಲಿಗೆಯೊಂದೊಂದೂ ಜೋಳದ ಕಾಳಿನಷ್ಟಿರಬೇಕು. ದಾರವನ್ನು ಬಿಗಿಯಾಗಿ ಜಗ್ಗಿದರೆ ಅರಿವೆ ನೆರಿಗೆಗಟ್ಟುತ್ತದೆ. ಸಡಿಲ ಬಿಟ್ಟರೆ ಕುಣಿಕೆಯಾಗುತ್ತದೆ. ಎಲ್ಲ ಮುಗಿದ ಮೇಲೆ ಟಾಕುಗಳನ್ನು ಬಿಚ್ಚಿ, ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವುದನ್ನು ಮರೆಯಬಾರದು.

ನಮ್ಮ ಎರಡನೆಯ ಕೌದಿ ಮೇಲ್ಭಾಗದಲ್ಲಿ ಶ್ಲೋಕದ ಪಾದಗಳಂತೆ ಸಮನಾದ ಸಾಲುಗಳಿಂದ ಕೂಡಿದ್ದಿತು. ಮೆಚ್ಚುಗೆಯನ್ನು ನಿರೀಕ್ಷಿಸಿ ಮನೆಯಾಕೆಯ ಕೈಗೆ ಕೊಟ್ಟೆವು. ಅವರು ಮೇಲ್ಭಾಗವನ್ನು ನೋಡಲೇ ಇಲ್ಲ. ಮಗುಚಿ ಹಾಕಿ, ಹಿಂಬದಿಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಏಳು ಕಡೆ ಬೆರಳು ನಿಂತಿತು. ಮೂರು ಕಡೆ ಗಂಟು ಹೊರಗೇ ಉಳಿದಿತ್ತು. ನಾಲ್ಕು ಕಡೆ ದಾರ ಕುಣಿಕೆಯಾಗಿತ್ತು. “ಇದರಲ್ಲಿ ಕೂಸಿನ ಕಾಲ್ಬೆರಳು ಸಿಕ್ಕಿಕೊಂಡರೆ?” ಎಂದು ಕೇಳಿದರು. ನಾವು ನಿರುತ್ತರರಾದೆವು. ಸಡಿಲವಾದ ಎಳೆ ಎಳೆಗೂಸಿನ ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆಯುವುದುಂಟೆಂದು ವೈದ್ಯರೂ ಎಚ್ಚರಿಸುತ್ತಾರೆ. ಏಳನ್ನೂ ಬಿಚ್ಚಿ, ಗಂಟುಗಳನ್ನು ಪದರಗಳ ನಡುವೆ ಅಡಗಿಸಿ ಮತ್ತೆ ಹೊಲಿದೆವು. ಸಾಲು ಸೊಟ್ಟಗಿದ್ದರೆ ಕೂಸು ತಪ್ಪೆಣಿಸುವುದಿಲ್ಲ. ಅದರ ಪರೀಕ್ಷೆಯೆಲ್ಲ ಚರ್ಮದ್ದು. ಹೊಸದಾಗಿ ಹೊಲಿಯುವವರಿಗೆ ಧೈರ್ಯವೂ ಇದರಲ್ಲಿದೆ, ಎಚ್ಚರಿಕೆಯೂ ಇದರಲ್ಲಿಯೇ ಇದೆ.

ಬಳಸುವ ವಿಚಾರದಲ್ಲಿ ಹಿರಿಯರಾದ ನಾವು ಒಂದು ಮಾತನ್ನು ಹೊಸದಾಗಿ ಕಲಿಯಬೇಕಾಯಿತು. ನಮ್ಮ ಕಾಲದಲ್ಲಿ ನಿದ್ರಿಸುವ ಕೂಸಿಗೆ ಕೌದಿ ಹೊದಿಸುವುದೇ ವಾಡಿಕೆ. ಈಗಿನ ಮಕ್ಕಳವೈದ್ಯರು ಇದನ್ನು ಒಪ್ಪುವುದಿಲ್ಲ. ಹಠಾತ್ತನೆ ನಿದ್ರೆಯಲ್ಲೇ ತೀರಿಹೋಗುವ ಶಿಶುಗಳ ವಿಷಯವನ್ನು ವಿಚಾರಿಸಿ, ಅಮೆರಿಕದ ಮಕ್ಕಳವೈದ್ಯರ ಅಕಾಡೆಮಿಯು 1992ರಲ್ಲಿ ಕೂಸನ್ನು ಬೋರಲು ಮಲಗಿಸಬೇಡಿರೆಂದು ಸಾರಿತು. ಆ ದಶಕದಲ್ಲಿ ಅಲ್ಲಿ ಅಂಥ ಮರಣಗಳು ಬಹಳವಾಗಿ ತಗ್ಗಿದುವು. 2022ರಲ್ಲಿ ಅದೇ ಸಂಸ್ಥೆಯು ಅಂಗಾತ ಮಲಗಿಸುವುದನ್ನೂ, ಗಟ್ಟಿಯಾದ ಸಮತಟ್ಟು ಹಾಸಿಗೆಯನ್ನೂ, ಮಲಗುವೆಡೆಯಲ್ಲಿ ಸಡಿಲವಾದ ಹೊದಿಕೆ ದಿಂಬುಗಳು ಇಲ್ಲದಿರುವುದನ್ನೂ ಮತ್ತೆ ಒತ್ತಿ ಹೇಳಿತು. ಆದುದರಿಂದ ಮೊದಲ ವರ್ಷದಲ್ಲಿ ನಿದ್ರೆಯ ವೇಳೆ ಕೌದಿ ಬೇಡ. ಎಚ್ಚರವಾಗಿರುವಾಗ, ದೊಡ್ಡವರ ಕಣ್ಣೆದುರು, ನೆಲದ ಮೇಲೆ ಹಾಸಿ ಆಡಿಸಲು, ತೊಡೆಯ ಮೇಲೆ ಹಾಕಿಕೊಳ್ಳಲು ಅದು ಸೊಗಸಾಗಿ ಒದಗುತ್ತದೆ. ಈ ಮಾತನ್ನು ಕೇಳಿದಾಗ, ಇಷ್ಟು ಹೊಲಿದದ್ದು ಹೊದಿಸಲಿಕ್ಕಿಲ್ಲವೇ ಎಂದು ಮನಸ್ಸು ಮುದುಡಿದ್ದು ನಿಜ. ಆದರೆ ಕೂಸಿಗಿಂತ ಕೌದಿ ದೊಡ್ಡದಲ್ಲ.

ಈಗ ಮೊಮ್ಮಗಳಿಗೆ ಮೂರು ತಿಂಗಳು. ಬೆಳಗಿನ ಹೊತ್ತು ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿ ಕಾಲು ಬಡಿಯುತ್ತದೆ. ಅಜ್ಜಿ ಪಕ್ಕದಲ್ಲಿ ಕುಳಿತು ಕಾವಲಿರುತ್ತಾರೆ. ಸೊಟ್ಟಗಾದ ಮೊದಲ ಕೌದಿಯ ಮೇಲೆ ನಾವು ಕುಳಿತು ಮೂರನೆಯದನ್ನು ಹೊಲಿಯುತ್ತಿದ್ದೇವೆ. ಮಗಳೂ ಬಿಡುವಾದಾಗ ಒಂದೆರಡು ಸಾಲು ಎಳೆಯಲಾರಂಭಿಸಿದ್ದಾಳೆ. ಅವಳ ಹಿಂಬದಿಯಲ್ಲಿ ಅಜ್ಜಿಯ ಬೆರಳು ಎಲ್ಲಿಯೂ ನಿಲ್ಲಲಿಲ್ಲ. ನಮ್ಮದರಲ್ಲಿ ಮೊನ್ನೆಯೂ ಎರಡು ಕಡೆ ನಿಂತಿತು. ಮೇಲಿನ ತರಗತಿಗೆ ಬಡ್ತಿ ನಮಗಿನ್ನೂ ದೊರೆತಿಲ್ಲ.