ನಿಂತಲ್ಲಿಯೇ ಹಳತಾದ ಕಾರು

ಮಂಗಳೂರಿನ ಕಾರ್ ಸ್ಟ್ರೀಟಿಗೆ ಆ ಹೆಸರು ಬಂದುದು ಮೋಟಾರು ಕಾರಿನಿಂದಲ್ಲ. ಶ್ರೀ ವೆಂಕಟರಮಣ ದೇವಸ್ಥಾನದ ತೇರು ಹರಿಯುವ ಬೀದಿ ಅದು; ರಥಬೀದಿಯನ್ನು ಇಂಗ್ಲಿಷಿಗೆ ತಿರುಗಿಸಿದವರಿಗೆ ತೇರೂ ಒಂದು 'ಕಾರ್' ಆಗಿಯೇ ಕಂಡಿತು. ರಥಸಪ್ತಮಿಯಂದು ಕೊಡಿಯಾಲ್ ತೇರನ್ನು ನೋಡಲು ಹೋದಾಗಲೆಲ್ಲ ನನಗೊಂದು ಆಲೋಚನೆ ಬರುವುದುಂಟು. ಆ ತೇರು ವರ್ಷದ ಹೆಚ್ಚಿನ ಕಾಲ ನಿಂತೇ ಇರುತ್ತದೆ. ಆದರೂ ಅದು ಹಳೆಯ ಮಾದರಿಯದಾಯಿತೆಂದು ಯಾರೂ ಮೂಗು ಮುರಿಯುವುದಿಲ್ಲ. ಹಳತಾದಷ್ಟೂ ಅದರ ಮೇಲಿನ ಭಕ್ತಿ ಹೆಚ್ಚುತ್ತದೆ. ನಾವು ಮನೆಯಂಗಳದಲ್ಲಿ ನಿಲ್ಲಿಸಿಕೊಳ್ಳುವ ಕಾರಿನ ಹಣೆಬರಹವೇ ಬೇರೆ. ಅದು ಒಂದು ಮೈಲು ಓಡದಿದ್ದರೂ ನಿಂತಲ್ಲಿಯೇ ಹಳತಾಗುತ್ತದೆ. ಡಿಸೆಂಬರ್ 31ರ ರಾತ್ರಿ ಹೊಚ್ಚ ಹೊಸದಾಗಿದ್ದುದು ಜನವರಿ 1ರ ಬೆಳಗ್ಗೆ 'ಕಳೆದ ವರ್ಷದ್ದು' ಎನಿಸಿಕೊಳ್ಳುತ್ತದೆ. ಅದೇ ಕಾರಿನ ದೀಪದ ಆಕಾರವನ್ನು ತುಸು ತಿದ್ದಿದ ಹೊಸ ಮಾದರಿಯೊಂದು ಬರುತ್ತದೆಂಬ ಸುದ್ದಿ ಹಬ್ಬಿದರಂತೂ ಅದರ ಗತಿ ಮುಗಿದಂತೆಯೇ.

ಹಿಂದೆ ಹೀಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಉತ್ತರಪಾರಾದಲ್ಲಿ ತಯಾರಾಗತೊಡಗಿದ ಅಂಬಾಸಿಡರ್ ಕಾರು 2014ರಲ್ಲಿ ನಿಲ್ಲುವ ತನಕವೂ ಹೊರಗಿನ ಆಕಾರದಲ್ಲಿ ಹೆಚ್ಚು ಬದಲಾಗಲೇ ಇಲ್ಲ. ಮಾದರಿಯೇ ಬದಲಾಗದ ಮೇಲೆ 'ಹಳೆಯ ಮಾದರಿ' ಎಂಬ ಮಾತಾದರೂ ಎಲ್ಲಿಂದ ಹುಟ್ಟಬೇಕು? ಫಿಯೆಟ್ ಕಾರಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಸರದಿ ಬಂದು ಕಾರು ಕೈಗೆ ಸಿಕ್ಕಿದವನು ಮರುದಿನವೇ ಅದನ್ನು ಮಾರಿದರೆ ಕೊಟ್ಟುದಕ್ಕಿಂತ ಹೆಚ್ಚೇ ದೊರೆಯುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೂ ಕೆಲಕಾಲ ಇದೇ ಸ್ಥಿತಿ ಇತ್ತು. 1993ರಲ್ಲಿ ಕಾರು ತಯಾರಿಕೆಯ ಲೈಸೆನ್ಸಿನ ಕಟ್ಟು ಸಡಿಲವಾದ ಬಳಿಕವೇ ಚಕ್ರ ತಿರುಗಿತು. ಅಂದು ಕೊಳ್ಳುವವನು ಕಾಯುತ್ತಿದ್ದ. ಇಂದು ಕಾರು ಕಾಯುತ್ತದೆ. ಕಾಯುವವನ ಕೈ ಯಾವಾಗಲೂ ಕೆಳಗೆ. ಈ ಸಣ್ಣ ಸತ್ಯವನ್ನು ನಮ್ಮ ಮಧ್ಯಮ ವರ್ಗ ಇನ್ನೂ ಮನಗಂಡಿಲ್ಲವೆಂಬುದೇ ನನ್ನ ದೂರು.

ಎರಡು ವರ್ಷಗಳ ಹಿಂದಿನ ಆಟಿ ತಿಂಗಳಿನಲ್ಲಿ ಇಂತಹ ಒಂದು ಕಾರನ್ನು ನೋಡಲು ನಾನು ಊರಿನ ಮಳಿಗೆಯೊಂದಕ್ಕೆ ಹೋದೆ. ಗಿರಾಕಿಗಳಿಗೆ ಓಡಿಸಿ ತೋರಿಸಲೆಂದು ಇರಿಸಿಕೊಂಡಿದ್ದ 'ಡೆಮೊ' ಕಾರು ಅದು. ಒಂಬತ್ತು ತಿಂಗಳ ವಯಸ್ಸು, ನಾಲ್ಕು ಸಾವಿರ ಕಿಲೋಮೀಟರಿನ ಓಟ. ನವರಾತ್ರಿಯ ಹೊತ್ತಿಗೆ ಅದರ ಹೊಸ ಮಾದರಿ ಬರುವುದಿತ್ತು. ತುಳುನಾಡಿನಲ್ಲಿ ಆಟಿಯೆಂದರೆ ಶುಭಕಾರ್ಯಕ್ಕೆ ಆಗದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಹೊಸ ವಾಹನವನ್ನು ಮನೆಗೆ ತರುವವರು ವಿರಳ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ವರೆಗೆ ನಿಷೇಧವಿರುವುದರಿಂದ ಆಟಿಯ ಮೊದಲರ್ಧದಲ್ಲಿ ನಮ್ಮಲ್ಲಿ ಮೀನು ತುಟ್ಟಿ. ಕೊಳ್ಳುವವರಿಲ್ಲದೆ ಕಾರು ಅಗ್ಗ. ನಂಬಿಕೆಗೂ ಭಂಗವಾಗಬಾರದೆಂದಿದ್ದರೆ ಆಟಿಯಲ್ಲಿ ಮಾತು ಮುಗಿಸಿ ಸೋಣದಲ್ಲಿ ಕಾರನ್ನು ಮನೆಗೆ ತರಬಹುದು. ಆಯುಧಪೂಜೆಯ ಹಿಂದಿನ ದಿನ ಮಳಿಗೆಗೆ ಓಡಿ ರಿಯಾಯಿತಿ ಕೇಳುವವನು ತೇರಿನ ದಿನ ರಥಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದಂತೆ.

ಮಾತಿಗೆ ಬಂದ ತರುಣನನ್ನು ನೋಡಿದರೆ, ಅವನು ನನ್ನ ಹಳೆಯ ವಿದ್ಯಾರ್ಥಿ! "ಸಾರ್, ನೀವು ನಮಗೆ ಹಳಗನ್ನಡ ಮಾಡಿದ್ದಲ್ವಾ?" ಎಂದು ನಕ್ಕ. "ಈ ಕಾರು ಇನ್ನೂ ಹಳಗನ್ನಡ ಆಗ್ಲಿಲ್ಲ ಸಾರ್, ನಡುಗನ್ನಡದಲ್ಲಿ ಉಂಟು ಅಷ್ಟೆ." ಬೆಲೆ ಮಾತ್ರ ಹೊಸಗನ್ನಡದ್ದೇ ಆಗಿತ್ತು: 7,95,000 ರೂಪಾಯಿ.

ಇಲ್ಲಿ ಒಂದು ಶಬ್ದದ ವಿಚಾರ. ನಾವು ಚೌಕಾಸಿ ಎನ್ನುತ್ತೇವಷ್ಟೆ. ಮರಾಠಿಯಲ್ಲಿ 'ಚೌಕಶಿ' ಎಂದರೆ ವಿಚಾರಣೆ. ಎರಡು ಮಾತುಗಳ ನಂಟು ಮುಖ ನೋಡಿದರೇ ತಿಳಿಯುತ್ತದೆ. ವಿಚಾರಿಸಿ ತಿಳಿಯುವುದೆಂಬ ಅರ್ಥ ನಮ್ಮಲ್ಲಿಗೆ ಬರುವಷ್ಟರಲ್ಲಿ ಎಳೆದಾಡಿ ಇಳಿಸುವುದೆಂದಾಗಿಬಿಟ್ಟಿದೆ. ಆದುದರಿಂದಲೇ ಸಭ್ಯನಾದವನಿಗೆ ಚೌಕಾಸಿಯೆಂದರೆ ನಾಚಿಕೆ. ವಿಚಾರಣೆ ಎಂದುಕೊಂಡರೆ ನಾಚಿಕೆಗೆ ಎಡೆಯೇ ಇಲ್ಲ. ನಾನು ವಿಚಾರಿಸತೊಡಗಿದೆ.

ಮೊದಲನೆಯದು, ವಯಸ್ಸು. ನೋಂದಣಿ ಪತ್ರದಲ್ಲಿ ಕಾರು ತಯಾರಾದ ತಿಂಗಳೂ ವರ್ಷವೂ ಇರುತ್ತದೆ. ಮಾರುವವನ ಬಾಯಿಯಲ್ಲಿರುವ ವಯಸ್ಸಿಗಿಂತ ಅಲ್ಲಿರುವುದು ದೊಡ್ಡದು. ಎರಡನೆಯದು, ಸವಕಳಿ. ವಿಮೆಯವರು ಕಾರಿನ ಮೌಲ್ಯವನ್ನು ಕಟ್ಟುವಾಗ ಬಳಸುತ್ತ ಬಂದಿರುವ ಪಟ್ಟಿಯೊಂದುಂಟು: ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20 ಕಳೆಯುತ್ತಾರೆ. ಆ ಕಾರಿನ ಹೊಸ ಬೆಲೆ ತೆರಿಗೆ, ವಿಮೆ ಸೇರದೆ 7,60,000. ಶೇ 15 ಕಳೆದರೆ 6,46,000. ಮೂರನೆಯದು, ತೆರಿಗೆ. ನಮ್ಮ ರಾಜ್ಯದ ಆಜೀವ ತೆರಿಗೆ ಹಗುರವಾದುದಲ್ಲ. ಅಂತಹ ಕಾರಿಗೆ ಶೇ 14, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಉಪಕರ. ಕೂಡಿಸಿದರೆ ಸುಮಾರು 1,18,000. ಮಳಿಗೆಯವರು ಅದನ್ನು ಮೊದಲೇ ಕಟ್ಟಿದ್ದರು. ಇದು ಅವರ ಪರವಾದ ಅಂಶವೆಂದು ನಾನೇ ಒಪ್ಪಿಕೊಂಡೆ. ವಿಚಾರಣೆಯೆಂದ ಮೇಲೆ ಎದುರಿನ ಪಕ್ಷದ ಸಾಕ್ಷ್ಯವನ್ನೂ ಕೇಳಬೇಕಲ್ಲವೇ? ಆದರೆ ನಾಲ್ಕನೆಯದೊಂದಿತ್ತು. ಕಾರು ಮಳಿಗೆಯ ಹೆಸರಿನಲ್ಲಿ ನೋಂದಣಿಯಾಗಿದ್ದುದರಿಂದ ನಾನು ಎರಡನೆಯ ಮಾಲಿಕ; ಕಾರಿನ ಖಾತರಿಯ ಅವಧಿಯಲ್ಲಿ ಒಂಬತ್ತು ತಿಂಗಳು ಆಗಲೇ ಕಳೆದಿತ್ತು. ನಾಳೆ ನಾನು ಮಾರಹೊರಟರೆ ಈ ಎರಡನೆಯತನಕ್ಕೆ ಬೆಲೆ ಕಟ್ಟುವವರು ನನ್ನನ್ನು ಬಿಡಲಾರರು.

ಈಗ ಇಂತಹ ಕಾರು ಕೊಳ್ಳಹೊರಟವರು ಕೇಳಬೇಕಾದ ಮತ್ತೊಂದು ಪ್ರಶ್ನೆಯಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕೆ ಮುಂಚಿನ ಬಿಲ್ಲನ್ನು ಮುಂದಿಟ್ಟು 'ಇಷ್ಟು ಸಾವಿರ ಬಿಟ್ಟಿದ್ದೇವೆ' ಎನ್ನುವವರಲ್ಲಿ, ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆಂದು ಕೇಳಬೇಕು. ಲೆಕ್ಕ ಅಲ್ಲಿಂದಲೇ ಆರಂಭವಾಗತಕ್ಕದ್ದು.

ರಿಯಾಯಿತಿ ನಾಲಗೆಯ ಚಮತ್ಕಾರದಿಂದ ಹುಟ್ಟುವುದೆಂದು ಹಲವರ ಭಾವನೆ. ಅದು ಹುಟ್ಟುವುದು ಮಾರುವವನ ಗಡುವಿನಿಂದ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಭಾರತ್ ಸ್ಟೇಜ್-3ರ ವಾಹನಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಆಜ್ಞೆ ಮಾಡಿತು. ಉಳಿದ ಎರಡೇ ದಿನಗಳಲ್ಲಿ ದ್ವಿಚಕ್ರ ವಾಹನಗಳ ಬೆಲೆ ಸಾವಿರಗಟ್ಟಲೆ ಇಳಿಯಿತು. ದೇಶದೆಲ್ಲೆಡೆ ಮಳಿಗೆಗಳ ಮುಂದೆ ಜನ ಮುಗಿಬಿದ್ದರು. ಅಂದು ಯಾವ ಗಿರಾಕಿಯೂ ವಾದ ಮಾಡಬೇಕಾಗಿರಲಿಲ್ಲ. ಪಂಚಾಂಗವೇ ಅವನ ಪರವಾಗಿ ವಾದಿಸಿತು. ನನ್ನ ಕಾರಿಗೂ ನವರಾತ್ರಿಯೆಂಬ ಗಡುವಿತ್ತು, ಆ ತಿಂಗಳ ಮಾರಾಟದ ಗುರಿಯೆಂಬ ಇನ್ನೊಂದು ಗಡುವಿತ್ತು. ನನಗೆ ಯಾವ ಗಡುವೂ ಇರಲಿಲ್ಲ. ಕಾಲೇಜಿಗೆ ಹೋಗಲು ಸಿಟಿ ಬಸ್ಸು ಇದ್ದೇ ಇತ್ತು.

ಗಡುವು ತಿಳಿದರೆ ಸಾಲದು, ಗುಣವೂ ತಿಳಿಯಬೇಕು. ಮಳಿಗೆಯಿಂದ ಹೊರಬಿದ್ದೊಡನೆ ಕಾರಿನ ಬೆಲೆ ಇಷ್ಟೊಂದು ಕುಸಿಯುವುದೇಕೆಂದು 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಒಂದು ಲೇಖನ ಬರೆದರು. ಮುಂದೆ 2001ರಲ್ಲಿ ಅವರು ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಅವರ ವಾದ ಸರಳ: ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ, ಗೊತ್ತಿಲ್ಲದವನು ಸಂಶಯಪಟ್ಟು ಕಡಿಮೆ ಕೇಳುತ್ತಾನೆ, ಆ ಕಡಿಮೆ ಬೆಲೆಗೆ ಒಳ್ಳೆಯ ಕಾರಿನವನು ಸಂತೆಗೇ ಬರುವುದಿಲ್ಲ. ದೋಷವುಳ್ಳ ಕಾರಿಗೆ ಆ ದೇಶದ ಆಡುಮಾತಿನಲ್ಲಿ ನಿಂಬೆಹಣ್ಣು ಎಂದು ಹೆಸರು. ನಾವು ನಿಂಬೆಹಣ್ಣನ್ನು ಚಕ್ರದ ಅಡಿಗಿಟ್ಟು ಹೊರಡುತ್ತೇವೆ. ಅವರು ಚಕ್ರದ ಮೇಲಿರುವುದೇ ನಿಂಬೆಹಣ್ಣೋ ಎಂದು ಅಂಜುತ್ತಾರೆ. ಆ ಅಂಜಿಕೆಗೆ ಮದ್ದು ಒಂದೇ: ಮಳಿಗೆಗೆ ಸಂಬಂಧಪಡದ, ನಮ್ಮ ಕೈಯಿಂದ ಕೂಲಿ ಪಡೆಯುವ ಮೆಕ್ಯಾನಿಕನೊಬ್ಬನನ್ನು ಕರೆದೊಯ್ಯುವುದು. ವರ್ಷಕ್ಕೆ ಮೂರುವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಬಯಲಿನಲ್ಲಿ ನಿಂತ ಕಾರಿಗೆ ಓಡಿದ ಕಾರಿಗಿಂತ ಹೆಚ್ಚು ಆಯಾಸವಾಗಿರಬಹುದು. ನಾನು ಕರೆದೊಯ್ದಾತ ಅಂಗಾತ ಮಲಗಿ ಕಾರಿನ ತಳ ನೋಡಿದ, ನೆಲಹಾಸನ್ನು ಎತ್ತಿ ಮೂಸಿದ, ಬ್ಯಾಟರಿ ಸೋತಿದೆಯೆಂದ. ಮಳಿಗೆಯವರು ಬ್ಯಾಟರಿ ಬದಲಿಸಿಕೊಡಲು ಒಪ್ಪಿದರು. ಬೆಲೆ 7,30,000ಕ್ಕೆ ಬಂದು ನಿಂತಿತು.

ಅಲ್ಲಿಗೆ ನಾನೂ ನಿಲ್ಲಬೇಕಾಗಿತ್ತು. ಗೆದ್ದ ನಾಲಗೆಗೆ ರುಚಿ ಹತ್ತಿತ್ತು. "ಸೀಟಿನ ಕವರು, ಕಾಲಿನ ಮ್ಯಾಟು?" ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಸಾರ್, ಅದು ನಾನು ನೋಡಿಕೊಳ್ತೇನೆ" ಎಂದ.

"ನೀನು ನೋಡಿಕೊಳ್ಳುವುದೆಂದರೆ?"

"ಕಂಪೆನಿಯಿಂದ ಇನ್ನು ಏನೂ ಇಲ್ಲ ಸಾರ್. ನನಗೆ ಇದ್ರಲ್ಲಿ ಸ್ವಲ್ಪ ಇನ್ಸೆಂಟಿವ್ ಬರ್ಲಿಕ್ಕುಂಟು. ಅದ್ರಲ್ಲಿ ಹಾಕಿ ಕೊಡ್ತೇನೆ. ನೀವಲ್ವಾ?"

ಆ 'ನೀವಲ್ವಾ' ನನ್ನನ್ನು ಚುಚ್ಚಿತು. ಅರುವತ್ತೈದು ಸಾವಿರ ರೂಪಾಯಿಯ ತನಕ ನಾನು ವಿಚಾರಿಸಿದ್ದೆ. ಪ್ರತಿಯೊಂದು ಸಾವಿರಕ್ಕೂ ನನ್ನಲ್ಲಿ ಕಾರಣವಿತ್ತು. ಕೊನೆಯ ಕೆಲವು ಸಾವಿರಕ್ಕೆ ಇದ್ದ ಕಾರಣ ಅವನ ದಾಕ್ಷಿಣ್ಯವೊಂದೇ. ಮಳಿಗೆಯ ತಿಜೋರಿಯ ಬಾಗಿಲು ಮುಚ್ಚಿದ ಮೇಲೆ ನನ್ನ ಕೈ ಹುಡುಗನ ಜೇಬಿಗೆ ಹೋಗಿತ್ತು. ಬೇಡವೆಂದೆ. ಅವನು ಒತ್ತಾಯಿಸಿದ. ಬೇಡವೇ ಬೇಡವೆಂದೆ.

ಮನೆಗೆ ಬರುವ ದಾರಿಯಲ್ಲಿ ನೆನಪಾದವಳು ನಮ್ಮ ಬೀದಿಗೆ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸು. ಬಂಗುಡೆಗೆ ಹತ್ತು ರೂಪಾಯಿ ಕಡಿಮೆ ಮಾಡೆಂದು ನಾನು ಹಟ ಹಿಡಿದಾಗ ಒಮ್ಮೆ ಆಕೆ ಹೇಳಿದ್ದಳು: "ಹತ್ತು ರೂಪಾಯಿಯಲ್ಲಿ ನಾನು ಬಂಗ್ಲೆ ಕಟ್ಲಿಕ್ಕುಂಟಾ ಮಾಷ್ಟ್ರೇ?" ಆಕೆಯ ಸರಕೂ ನಿಂತಲ್ಲಿಯೇ ಹಳತಾಗುವಂಥದು, ಬೆಳಗ್ಗಿನ ಬಂಗುಡೆ ಸಂಜೆಗೆ ಹಳೆಯ ಮಾದರಿ. ಆದರೆ ಆಕೆ ಮುಚ್ಚಿಟ್ಟುದು ಏನೂ ಇಲ್ಲ. ಮೀನು ಬುಟ್ಟಿಯಲ್ಲಿ ತೆರೆದುಕೊಂಡಿದೆ. ಕಿವಿರೆತ್ತಿ ನೋಡಿದರೆ ಅದರ ವಯಸ್ಸು ತಿಳಿಯುತ್ತದೆ. ಅದಕ್ಕೆ ನೋಂದಣಿ ಪತ್ರ ಬೇಡ. ವಿಚಾರಿಸಲು ಏನೂ ಉಳಿಯದ ಕಡೆ ನಾವು ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ. ವಿಚಾರಿಸಬೇಕಾದುದೆಲ್ಲ ಮುಚ್ಚಿಟ್ಟಿರುವ ತಣ್ಣನೆಯ ಗಾಜಿನ ಮಳಿಗೆಯಲ್ಲಿ, ಅವರು ಕೊಟ್ಟ ಕಾಫಿಯ ಋಣಕ್ಕೆ ಬಿದ್ದವರಂತೆ, ತೋರಿಸಿದ ಕಡೆಗೆಲ್ಲ ರುಜು ಹಾಕಿ ಬರುತ್ತೇವೆ. ಅಲ್ಲಿ ಐವತ್ತು ಸಾವಿರ ಕಳೆದುಕೊಂಡವನೇ ಇಲ್ಲಿ ಹತ್ತು ರೂಪಾಯಿ ಉಳಿಸಿ ಜಾಣನೆನಿಸಿಕೊಳ್ಳುತ್ತಾನೆ. ಇದಕ್ಕೆ ಮಿತವ್ಯಯವೆಂದು ಹೆಸರಿಡುವುದು ಸರಿಯಲ್ಲ. ಬಲವುಳ್ಳವರ ಮುಂದೆ ಬಾಯಿ ಬಾರದವರು ಬಲವಿಲ್ಲದವರ ಮುಂದೆ ತೋರಿಸುವ ಪೌರುಷ ಇದು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ. ದೊಡ್ಡ ಮಳಿಗೆಯಲ್ಲಿ ನಾಚದೆ ವಿಚಾರಿಸಬೇಕು. ಕಾಗದ ಕೇಳಬೇಕು, ಲೆಕ್ಕ ಕೇಳಬೇಕು, ಒಪ್ಪದಿದ್ದರೆ ಎದ್ದು ಬರಬೇಕು. ಕಾರಣಗಳು ಮುಗಿದಲ್ಲಿ ಚೌಕಾಸಿಯೂ ಮುಗಿಯಬೇಕು.

ಕಾರು ಸೋಣ ತಿಂಗಳಿನಲ್ಲಿ ಮನೆಗೆ ಬಂತು. ನಿಂಬೆಹಣ್ಣುಗಳನ್ನು ಆ ಹುಡುಗನೇ ಚಕ್ರಕ್ಕೆ ಇರಿಸಿದ. ನವರಾತ್ರಿಯ ಹೊತ್ತಿಗೆ ಹೊಸ ಮಾದರಿಯೂ ಬಂತು. ಅದರ ದೀಪಗಳು ನಿಜವಾಗಿ ಚೆನ್ನಾಗಿವೆ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು, "ಒಂದೆರಡು ತಿಂಗಳು ತಡೆದಿದ್ದರೆ ಹೊಸತೇ ಸಿಗುತ್ತಿತ್ತಲ್ಲ?" ಎಂದು ಮರುಕಪಟ್ಟರು. ಮ್ಯಾಟುಗಳನ್ನು ನಾನು ಬೇರೆ ಅಂಗಡಿಯೊಂದರಲ್ಲಿ, ಅವರು ಹೇಳಿದ ಬೆಲೆಗೇ ಕೊಂಡೆ. ಮೀನಿನ ಹೆಂಗಸಿನೊಡನೆ ಹತ್ತು ರೂಪಾಯಿಗೆ ಹಟ ಹಿಡಿಯುವುದನ್ನು ಬಿಟ್ಟಿದ್ದೇನೆ. ಆಕೆಗೆ ಇದೇಕೋ ಸಂಶಯ ತಂದಂತಿದೆ. ಈಗೀಗ ತಾನಾಗಿ ಒಂದು ಬಂಗುಡೆಯನ್ನು ಹೆಚ್ಚಿಗೆ ಹಾಕಿ, ನನ್ನ ಮುಖವನ್ನೊಮ್ಮೆ ನೋಡಿ ಹೋಗುತ್ತಾಳೆ.