ಮಾತ್ರೆ ಬರೆದ ಮೇಲೆ ಫೋನ್ ಎತ್ತುವವರು ಯಾರು?

ಮೈಗ್ರೇನ್ ಇರುವವರು ನರರೋಗ ತಜ್ಞರ ಬಗ್ಗೆ ಒಂದು ದೂರು ಹೇಳಿದರೆ ಸಾಕು, ಉತ್ತರಗಳು ಸಾಲುಗಟ್ಟಿ ಬರುತ್ತವೆ. ವೈದ್ಯರಿಂದ ಬರುತ್ತವೆ, ವೈದ್ಯರ ಪರ ವಕಾಲತ್ತು ವಹಿಸುವ ನೆಂಟರಿಂದ ಬರುತ್ತವೆ, ಒಂದು ಲೋಟ ಸ್ಟ್ರಾಂಗ್ ಕಾಫಿಗೆ ತಲೆನೋವು ಇಳಿದುಹೋಗುವ ಪುಣ್ಯವಂತರಿಂದಂತೂ ಬಂದೇ ಬರುತ್ತವೆ. ಅಪಾಯಿಂಟ್‌ಮೆಂಟ್ ತಡವಾಗಿ ಸಿಗುತ್ತದೆ ಎಂಬುದು ನಮ್ಮ ದೂರಲ್ಲ. ಅದು ಸಿಕ್ಕಿ, ಮಾತ್ರೆ ಬರೆಸಿಕೊಂಡು ಹೊರಗೆ ಬಂದ ಮೇಲೆ, ಮುಂದಿನ ಭೇಟಿಯವರೆಗಿನ ಎರಡು ಮೂರು ತಿಂಗಳು ಒಂದು ಪ್ರಶ್ನೆ ಕೇಳೋಣವೆಂದರೆ ಆ ಕಡೆ ಯಾರೂ ಇರುವುದಿಲ್ಲ. ಇದಕ್ಕೆ ಸಿಗುವ ಸಮಜಾಯಿಷಿಗಳು ನನಗೆ ಬಾಯಿಪಾಠವಾಗಿವೆ. ಒಂದೊಂದಕ್ಕೂ ಮರುಮಾತು ಹೇಳುವ ಬಾಕಿ ಉಳಿದಿತ್ತು.

“ತಲೆನೋವು ತಾನೇ, ಜೀವ ಹೋಗೋ ಕಾಯಿಲೆ ಏನಲ್ಲವಲ್ಲ. ಡಾಕ್ಟರು ಸ್ಟ್ರೋಕ್ ನೋಡಬೇಕೋ, ನಿಮ್ಮನ್ನ ನೋಡಬೇಕೋ?” ಸ್ಟ್ರೋಕನ್ನೇ ಮೊದಲು ನೋಡಲಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಗಡುವು ಎಂಬುದು ನಮಗೂ ಗೊತ್ತು; ಆ ಸರದಿಯಲ್ಲಿ ನುಗ್ಗುವ ಉದ್ದೇಶ ಯಾರಿಗೂ ಇಲ್ಲ. ಆದರೆ ತಿಂಗಳಿಗೆ 15 ದಿನ ಅಥವಾ ಇನ್ನೂ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನದೇ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತಾರೆ. ಅರ್ಧ ತಿಂಗಳು ಕತ್ತಲೆ ಕೋಣೆಯ ಪಾಲು. ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನಿಮ್ಹಾನ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 18ರಿಂದ 65 ವರ್ಷದವರ ಪೈಕಿ ಸುಮಾರು ಶೇ. 25ರಷ್ಟು ಜನರಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿತ್ತು. ಇವರೆಲ್ಲರಿಗೂ ತಜ್ಞರು ಬೇಕಿಲ್ಲ, ನಿಜ. ಬೇಕಾದವರು ಮಾತ್ರ ಬೆರಳೆಣಿಕೆಯಷ್ಟಲ್ಲ.

ತುರ್ತೇನಿದೆ ಎಂದು ಕೇಳುವವರಿಗೆ ಇನ್ನೊಂದು ವಿಷಯ. ಮೈಗ್ರೇನ್ ಬಾರದಂತೆ ತಡೆಯಲು ಕೊಡುವ ಔಷಧಗಳಲ್ಲಿ ವಾಲ್‌ಪ್ರೊಯೇಟ್ ಒಂದು. ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಆ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳಿಗೆ ಈ ತಿಂಗಳು ಮುಟ್ಟು ತಪ್ಪಿತು ಎನ್ನಿ. ಆಸ್ಪತ್ರೆಗೆ ಫೋನ್ ಮಾಡಿದರೆ “ಸರ್ ಮುಂದಿನ ತಿಂಗಳು ಹದಿನೆಂಟಕ್ಕೆ ಸಿಗ್ತಾರೆ ಮೇಡಂ” ಎಂಬ ಉತ್ತರ. ಇದು ಕಾಯಬಹುದಾದ ಪ್ರಶ್ನೆಯೇ?

“ದಿನಕ್ಕೆ ಅರವತ್ತು ಪೇಷಂಟ್ ನೋಡೋ ಡಾಕ್ಟರು ಎಲ್ಲರ ಫೋನಿಗೂ ಉತ್ತರ ಕೊಡೋಕೆ ಅವರಿಗೇನು ಹತ್ತು ತಲೆಯೇ?” ಡಾಕ್ಟರೇ ಉತ್ತರಿಸಲಿ ಎಂದು ಯಾರು ಹೇಳಿದರು? ನರರೋಗ ತಜ್ಞರ ಕೊರತೆ ಇರುವುದು ಸತ್ಯ. ರಾಯಚೂರು, ಯಾದಗಿರಿಯವರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರುವುದು ಅದಕ್ಕೇ. ಹಾಗಿದ್ದರೆ, ಡೋಸ್ ಏರಿಸಲೋ ಬೇಡವೋ ಎಂಬ ಅರ್ಧ ನಿಮಿಷದ ಪ್ರಶ್ನೆಗೆ ಅವರು ಮತ್ತೆ ಬಸ್ಸು ಹತ್ತಿ ಬಂದು ಒಂದು ಟೋಕನ್ ಹಿಡಿಯುವುದರಿಂದ ಯಾರ ಸಮಯ ಉಳಿಯಿತು? ತರಬೇತಿ ಪಡೆದ ಒಬ್ಬ ನರ್ಸ್ ಇದನ್ನು ನಿಭಾಯಿಸಬಲ್ಲರು. ಕ್ಷಯರೋಗಿ ಮಾತ್ರೆ ತಪ್ಪಿಸಿದರೆ ಆರೋಗ್ಯ ಕಾರ್ಯಕರ್ತೆ ಮನೆಬಾಗಿಲಿಗೇ ಬಂದು ವಿಚಾರಿಸುವ ದೇಶ ಇದು. ರೋಗಿಯ ಬೆನ್ನಿಗೆ ನಿಲ್ಲುವುದು ನಮಗೆ ಬಾರದ ವಿದ್ಯೆಯೇನಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್, ತಲೆನೋವು, ಅಪಸ್ಮಾರ, ಪಾರ್ಶ್ವವಾಯುಗಳನ್ನು ತಮ್ಮ ಮಟ್ಟದಲ್ಲೇ ನೋಡಿಕೊಳ್ಳುವಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುತ್ತದೆ. ಸರ್ಕಾರಕ್ಕೆ ಹೊಳೆದದ್ದು, ಗ್ರಾನೈಟ್ ಹಾಸಿದ ಲಾಬಿಯಲ್ಲಿ ಐದು ಜನ ರಿಸೆಪ್ಷನಿಸ್ಟರನ್ನು ಕೂರಿಸುವ ಆಸ್ಪತ್ರೆಗೆ ಹೊಳೆಯಬಾರದೇ?

ಇನ್ನು ನನ್ನನ್ನು ಹೆಚ್ಚು ಕೆರಳಿಸುವ ಮಾತು: “ರೋಗಿಗಳೇ ಸರಿಯಿಲ್ಲ. ಹೇಳಿದ ಹಾಗೆ ಮಾತ್ರೆ ತಗೊಳ್ಳಲ್ಲ, ಹದಿನೈದು ದಿನಕ್ಕೆ ಬಿಟ್ಟು ಇನ್ನೊಬ್ಬ ಡಾಕ್ಟರ ಹತ್ತಿರ ಓಡ್ತಾರೆ.” ಓಡುತ್ತಾರೆ, ಹೌದು. ಯಾಕೆ ಓಡುತ್ತಾರೆಂದು ನೋಡೋಣ.

ಮೈಗ್ರೇನ್ ತಡೆಗೆ ಬರೆಯುವ ಹಳೆಯ ಮಾತ್ರೆಗಳಲ್ಲಿ ಬಹುಪಾಲು ಬೇರೆ ಕಾಯಿಲೆಗೆಂದು ಹುಟ್ಟಿದವು. ಪ್ರೊಪ್ರನಲಾಲ್ ಹೃದ್ರೋಗದ್ದು, ಟೋಪಿರಮೇಟ್ ಫಿಟ್ಸ್‌ದು, ಅಮಿಟ್ರಿಪ್ಟಿಲಿನ್ ಖಿನ್ನತೆಯದು. ವೈದ್ಯರು ಇದನ್ನು ಹೇಳಿರುವುದಿಲ್ಲ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, “ಅಕ್ಕಾ, ಇದು ಫಿಟ್ಸಿಗೆ ಕೊಡೋದಲ್ವಾ, ಯಾರಿಗೆ?” ಎನ್ನುತ್ತಾನೆ. ಅಮಿಟ್ರಿಪ್ಟಿಲಿನ್ ಆದರಂತೂ ಮನೆಯಲ್ಲಿ ಯಾರೋ ಮೊಬೈಲಿನಲ್ಲಿ ಹುಡುಕಿ, “ಸೊಸೆಗೆ ತಲೆ ಕೆಟ್ಟಿದೆ ಅಂತ ಮಾತ್ರೆ ಕೊಟ್ಟಿದ್ದಾರೆ” ಎಂದು ಅಡುಗೆಮನೆಯಲ್ಲಿ ಗುಸುಗುಸು ಶುರುಮಾಡುತ್ತಾರೆ. ಅಲ್ಲಿಗೆ ಆ ಮಾತ್ರೆಯ ಕಥೆ ಮುಗಿಯಿತು. ಇಷ್ಟನ್ನೂ ದಾಟಿ ನುಂಗಿದವರಿಗೆ ಟೋಪಿರಮೇಟಿನಿಂದ ಬೆರಳ ತುದಿ ಜುಮುಗುಡುತ್ತದೆ, ನಾಲಗೆ ತುದಿಯಲ್ಲಿದ್ದ ಪದ ಹೊರಡುವುದಿಲ್ಲ. ಪಾಠ ಮಾಡುವ ಮೇಷ್ಟರಿಗೆ ಹೀಗಾದರೆ ಗಾಬರಿಯಾಗದೆ ಇರುತ್ತದೆಯೇ? ಫ್ಲೂನರಿಝಿನ್‌ನಿಂದ ತೂಕ ಏರುತ್ತದೆ, ಮನಸ್ಸು ಕುಗ್ಗುವುದೂ ಉಂಟು. ಇವುಗಳಲ್ಲಿ ಯಾವುದು ತಡೆದುಕೊಳ್ಳಬಹುದಾದದ್ದು, ಯಾವುದು ಕೂಡಲೇ ನಿಲ್ಲಿಸಬೇಕಾದದ್ದು ಎಂದು ಹೇಳುವವರಿಲ್ಲ. ಇಂಥ ಮಾತ್ರೆ ಫಲ ಕೊಟ್ಟಿತೋ ಇಲ್ಲವೋ ಎಂದು ತೀರ್ಮಾನಿಸಲು ಸರಿಯಾದ ಡೋಸಿನಲ್ಲಿ ಎರಡು ತಿಂಗಳಾದರೂ ಬೇಕು. ಆ ಎರಡು ತಿಂಗಳಲ್ಲೇ ಆಸ್ಪತ್ರೆ ಮೌನವ್ರತ ಹಿಡಿದಿರುತ್ತದೆ.

ಉತ್ತರ ಸಿಗದವರು ನೋವು ಕಟ್ಟಿಕೊಂಡು ಸುಮ್ಮನೆ ಕೂರುವುದಿಲ್ಲ. ಅದೇ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ತರುತ್ತಾರೆ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧ ಬೆರೆಸಿದ್ದು, ಟ್ರಿಪ್ಟಾನ್ ಅಥವಾ ಎರ್ಗೊಟಮಿನ್ ಆದರೆ 10 ದಿನ; ತಿಂಗಳುಗಟ್ಟಲೆ ಅಷ್ಟು ನುಂಗಿದರೆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಮುಂದಿನ ಭೇಟಿಯಲ್ಲಿ ವೈದ್ಯರು ಗದರುತ್ತಾರೆ: “ಇಷ್ಟೊಂದು ಪೇನ್‌ಕಿಲ್ಲರ್ ಯಾರು ತಗೊಳ್ಳೋಕೆ ಹೇಳಿದ್ದು ನಿಮಗೆ?” ಯಾರೂ ಏನೂ ಹೇಳಲಿಲ್ಲ ಸ್ವಾಮಿ, ತೊಂದರೆಯೇ ಅದು. ಆ ಮಾತ್ರೆ ಬಿಡಿ ಎಂದು ಕಳಿಸುತ್ತಾರೆ. ಬಿಟ್ಟ ಮೊದಲ ದಿನಗಳಲ್ಲಿ ನೋವು ಇನ್ನೂ ಕೆರಳುತ್ತದೆ, ಆಗಲೂ ಫೋನ್ ಎತ್ತುವವರಿಲ್ಲ.

“ಫೋನಿನಲ್ಲಿ ಚಿಕಿತ್ಸೆ ಕೊಡೋಕೆ ಕಾನೂನು ಒಪ್ಪಲ್ಲ” ಎನ್ನುವವರು 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಒಮ್ಮೆ ತೆರೆದು ನೋಡಬೇಕು. ವಿಡಿಯೊ, ಫೋನ್ ಕರೆ, ಬರಹದ ಸಂದೇಶ ಮೂರಕ್ಕೂ ಅಲ್ಲಿ ಅವಕಾಶವಿದೆ. ವೈದ್ಯರು ರೋಗಿಯನ್ನು ಮುಖತಃ ನೋಡಿ ಆರು ತಿಂಗಳಾಗಿಲ್ಲ, ಕೇಳುತ್ತಿರುವುದೂ ಅದೇ ಕಾಯಿಲೆಯ ಬಗ್ಗೆ ಎಂದಾದರೆ ಅದು ಮುಂದುವರಿದ ಸಮಾಲೋಚನೆ. ಶುಲ್ಕ ಪಡೆಯಲೂ ಮಾರ್ಗಸೂಚಿ ಅನುಮತಿ ಕೊಡುತ್ತದೆ. ಮಾದಕ ದ್ರವ್ಯ ಕಾಯ್ದೆಯಡಿ ಬರುವ ಔಷಧಗಳನ್ನೂ ಷೆಡ್ಯೂಲ್ ಎಕ್ಸ್‌ನವನ್ನೂ ಹೀಗೆ ಬರೆಯುವಂತಿಲ್ಲ. ಮೇಲೆ ಹೇಳಿದ ಮೈಗ್ರೇನ್ ಮಾತ್ರೆ ಯಾವುದೂ ಆ ಪಟ್ಟಿಯಲ್ಲಿಲ್ಲ.

ಎರಡು ಆಕ್ಷೇಪಗಳನ್ನು ಮಾತ್ರ ಒಪ್ಪುತ್ತೇನೆ. ಸಿಡಿಲು ಬಡಿದಂತೆ ಒಮ್ಮೆಗೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲುವುದು, ಇವನ್ನು ಫೋನಿನಲ್ಲಿ ಬಗೆಹರಿಸಲಾಗದು, ನೇರ ಕ್ಯಾಷುವಾಲ್ಟಿಗೆ ಹೋಗಬೇಕು. ಆದರೆ ಹಾಗೆ ಹೋಗಿ ಎಂದು ಹೇಳಲಿಕ್ಕಾದರೂ ಆ ತುದಿಯಲ್ಲಿ ಒಬ್ಬರು ಬೇಡವೇ? ವಾಟ್ಸಾಪ್ ನಂಬರ್ ಕೊಟ್ಟರೆ ಬೆಳಗ್ಗೆ ಐದಕ್ಕೇ ಗುಡ್ ಮಾರ್ನಿಂಗ್ ಹೂಗುಚ್ಛ, ರಾತ್ರಿ ಹನ್ನೊಂದಕ್ಕೆ ಚಿಕ್ಕಮ್ಮನ ಮಗನ ಎಂಆರ್‌ಐ ಬರುತ್ತದೆ ಎಂಬ ವೈದ್ಯರ ಗೋಳೂ ನ್ಯಾಯವೇ. ನಮಗೆ ಬೇಕಾದದ್ದು ಅವರ ಸ್ವಂತ ನಂಬರಲ್ಲ. ಕ್ಲಿನಿಕ್ಕಿನದೊಂದು ನಂಬರು, ಅದಕ್ಕೊಂದು ವೇಳೆ, ಬೇಕಿದ್ದರೆ ಅದಕ್ಕೊಂದು ಫೀಸು.

“ಎಲ್ಲಾ ಪಿತ್ತ, ಹೊತ್ತಿಗೆ ಸರಿಯಾಗಿ ಊಟ ಮಾಡಿ.” ಮಾಡುತ್ತಿದ್ದೇವೆ.

“ದುಡ್ಡು ಬಿಚ್ಚಿದರೆ ಎಲ್ಲ ಸಿಗುತ್ತೆ” ಎನ್ನುವವರು ಬಿಚ್ಚಿ ನೋಡಿದವರಲ್ಲ. ಹಳೆ ಮಾತ್ರೆಗಳು ಸೋತ ಮೇಲೆ ಬೊಟಾಕ್ಸ್ ಚುಚ್ಚುತ್ತಾರೆ: ಹಣೆ, ಕಣತಲೆ, ಹಿಂದಲೆ, ಕತ್ತು, ಭುಜ ಸೇರಿ 31 ಕಡೆ, ಒಟ್ಟು 155 ಯೂನಿಟ್, 12 ವಾರಕ್ಕೊಮ್ಮೆ. ಅಷ್ಟು ತೆತ್ತವರಿಗೂ ನಡುವಿನ ವಾರಗಳಲ್ಲಿ ಕೇಳಿಸುವುದು “ಕನ್ನಡಕ್ಕಾಗಿ ಎರಡನ್ನು ಒತ್ತಿ” ಎಂಬ ಧ್ವನಿಯೇ.

ಕೊನೆಗೆ ಉಳಿಯುವುದು, “ಅಷ್ಟು ಕಷ್ಟ ಇದ್ದರೆ ಡಾಕ್ಟರನ್ನ ಬದಲಾಯಿಸಿ” ಎಂಬ ಬುದ್ಧಿಮಾತು. ಸ್ವಲ್ಪ ಮೇಲೆ ‘ಇನ್ನೊಬ್ಬ ಡಾಕ್ಟರ ಹತ್ತಿರ ಓಡ್ತಾರೆ’ ಎಂದು ಬೈದವರೂ ಇವರೇ. ಬದಲಾಯಿಸಿದರೆ ಹೊಸಬರು ಇನ್ನೊಂದು ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ಹಿಂದಿನ ಮಾತ್ರೆ ಎಷ್ಟು ಮಿಲಿಗ್ರಾಂವರೆಗೆ ಏರಿತ್ತು, ಯಾಕೆ ನಿಲ್ಲಿಸಿದರು ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲವಾದ್ದರಿಂದ ಅದೇ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್‌ನಿಂದ ಮತ್ತೆ ಮೊದಲಾಗುತ್ತದೆ, ಮತ್ತೆರಡು ತಿಂಗಳು ಹೋಗುತ್ತದೆ.

ಆದರೂ ಆ ಸಲಹೆಯನ್ನು ಪಾಲಿಸುತ್ತಿದ್ದೇನೆ, ಸ್ವಲ್ಪ ತಿದ್ದಿಕೊಂಡು. ಹೊಸ ಕಡೆ ಹೆಸರು ಬರೆಸುವ ಮೊದಲು ಡಾಕ್ಟರ ಡಿಗ್ರಿ ವಿಚಾರಿಸುವುದಿಲ್ಲ, “ಮಾತ್ರೆ ಒಗ್ಗದಿದ್ದರೆ ಯಾರಿಗೆ ಫೋನ್ ಮಾಡಬೇಕು?” ಎಂದು ರಿಸೆಪ್ಷನ್ನಿನಲ್ಲಿ ಕೇಳುತ್ತೇನೆ. “ಇನ್ನೊಂದು ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ” ಎಂದರೆ, ಮೊದಲನೆಯದನ್ನೂ ತೆಗೆದುಕೊಳ್ಳುವುದಿಲ್ಲ.