ಟೈರಿದ್ರೆ ಜೆಸಿಬಿ, ಚೈನಿದ್ರೆ ಹಿಟಾಚಿ

ನಮ್ಮ ಕಡೆ ಮಣ್ಣು ಅಗೆಯೋ ಯಂತ್ರಕ್ಕೆ ಎರಡೇ ಹೆಸರು. ಟೈರಿದ್ರೆ ಜೆಸಿಬಿ, ಚೈನಿದ್ರೆ ಹಿಟಾಚಿ. ಯಾವ ಕಂಪನಿ ಮಾಡಿದ್ರೂ ಅಷ್ಟೇ! ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ನಾವು ಅದನ್ನ ನೋಡ್ತಾ ನಿಲ್ಲೋ ಜಾಗದ ಬಗ್ಗೆ.

ಜೆಸಿಬಿಗೆ ಮುಂದೆ ಲೋಡರ್, ಹಿಂದೆ ಅಗೆಯೋ ಬಕೆಟ್. ಹಿಂದಿನ ತೋಳು ಸುಮಾರು ಅರ್ಧ ಸುತ್ತು ತಿರುಗುತ್ತೆ. ಪೈಪ್‌ಲೈನಿಗೆ, ಸಣ್ಣ ಪಾಯಕ್ಕೆ ಅಷ್ಟು ಸಾಕು. ಹಿಟಾಚಿ ಹಾಗಲ್ಲ, ಕ್ಯಾಬಿನ್ ಸಮೇತ ಮೇಲ್ಭಾಗ ಪೂರ್ತಿ 360 ಡಿಗ್ರಿ ತಿರುಗುತ್ತೆ. ಎಲ್ಲರ ಕಣ್ಣೂ ಬಕೆಟ್ ಮೇಲೆ. ಆದ್ರೆ ಬಕೆಟ್ ಎಡಕ್ಕೆ ಹೋದಾಗ, ಸಮತೋಲಕ್ಕೆ ಅಂತ ಹಿಂದೆ ಕೂರಿಸಿದ ಟನ್‌ಗಟ್ಟಲೆ ಭಾರ ಬಲಕ್ಕೆ ಬೀಸುತ್ತೆ. 30×40 ಸೈಟಲ್ಲಿ ಪಕ್ಕದ ಕಾಂಪೌಂಡ್ ಅಲ್ಲೇ ಇರುತ್ತಲ್ಲ? ನಡುವೆ ನಿಂತವನು ಆಪರೇಟರ್ ಕಣ್ಣಿಗೆ ಬೀಳದೇ ಹೋಗಬಹುದು.

ಇದಕ್ಕೆ ದೊಡ್ಡ ತಂತ್ರಜ್ಞಾನವೇನೂ ಬೇಡ. ಸುತ್ತ ಒಂದು ಹಗ್ಗ, ಆಪರೇಟರ್‌ಗೆ ಕಾಣೋ ಹಾಗೆ ನಿಂತು ಸನ್ನೆ ಮಾಡೋಕೆ ಒಬ್ಬ ಆಳು. ಯಂತ್ರಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಎಣಿಸೋ ಮನೆ ಓನರ್‌ಗೆ ಒಬ್ಬನ ದಿನಗೂಲಿ ಭಾರವಾಗಬಾರದು. ಅದು ಕಾಂಟ್ರಾಕ್ಟರ್ ತಲೆನೋವು ಅಂತ ಕೈತೊಳ್ಕೊಳ್ಳೋದು ಸರಿಯಲ್ಲ ಅನ್ನೋದು ನನ್ನ ವಾದ. ನೀವೇನಂತೀರಿ?